ಜಿಐ ಪೈಪ್ ಹಾಕಸ್ಲೋ, ಸ್ಟೀಲ್ ಪೈಪ್ ಹಾಕಸ್ಲೋ? (ಧಾರವಾಡ, ಹಳೇ ಮನಿ, ಸೋಲಾರೂ ಅದ, ಬೋರೂ ಅದ)

ಸಪ್ತಾಪುರ ಹಳೇಮನಿ
ಎಲ್ಲಾರಿಗೂ ನಮಸ್ಕಾರ್ರಿ. ನಮ್ಮ ಮನಿ ಧಾರವಾಡ ಸಪ್ತಾಪುರದಾಗ ಅದ, ಅಪ್ಪಾರು 1988ರಾಗ ಕಟ್ಟಿಸಿದ್ದು, ನೀರಿನ ಲೈನ್ ಪೂರಾ ಜಿಐ, ಅಂದ್ರ ಸತುವು ಹಚ್ಚಿದ ಕಬ್ಬಿಣದ ಪೈಪು. ಈಗ ಎರಡು ವರ್ಷದಿಂದ ಮುಂಜಾನೆ ಮೊದಲ ಬಕೆಟ್ ನೀರು ಚಹಾದ ಬಣ್ಣ ಬರ್ತದ, ಅವ್ವ ಆ ಬಕೆಟ್ ಹಿತ್ತಲ ಗಿಡಕ್ಕ ಸುರುವಿ ಎರಡನೇದು ಹಿಡೀತಾಳ. ಬಚ್ಚಲದ ನಳ ಪೂರ್ತಿ ತಿರುವಿದ್ರೂ ಬೆರಳಿನಷ್ಟು ಧಾರಿ ಬರೂದಿಲ್ಲ. ಹೋದ ವಾರ ಅಡಿಗಿಮನಿ ಗ್ವಾಡಿಯೊಳಗ ಒದ್ದಿ ಆತು ಅಂತ ಒಡಿಸಿದ್ವಿ, ಅರ್ಧ ಇಂಚಿನ ಎಲ್ಬೋ ಕಟ್ ಮಾಡಿ ನನ್ನ ಕೈಯಾಗ ಕೊಟ್ರು, ಅದರೊಳಗ ಪೆನ್ಸಿಲ್ ತೂರಿಸಾಕ ನೋಡ್ದೆ, ಹೋಗ್ಲಿಲ್ಲ. ಒಳಗೆಲ್ಲಾ ಕಂದು ಬಣ್ಣದ ಗಂಟು ಗಂಟು, ಉಗುರಿನಿಂದ ಕೆರೆದ್ರ ಮ್ಯಾಲಿನ ಪದರು ಪುಡಿಯಾಗಿ ಉದುರ್ತದ, ಕೆಳಗ ಕಪ್ಪು ಕೆಸರಿನಂಥಾದ್ದು. ಇಷ್ಟು ವರ್ಷ ಇದರೊಳಗಿಂದ ಬಂದ ನೀರು ಕುಡದೇವಿ ಅಂತ ಮನಸ್ಸಿಗೆ ಭಾಳ ಬ್ಯಾಸರಾತು.

ಈಗ ಪೂರಾ ಲೈನ್ ಬದಲಿ ಮಾಡೋದು ಅಂತ ಗಟ್ಟಿ ಮಾಡೇವಿ. ಮೀಟರಿನಿಂದ ಸಂಪಿನ ತನಕ ಅಂಗಳದ ಮಣ್ಣಾಗ ಒಂದು 40 ಫೂಟ್ ಅದ, ಮ್ಯಾಲಿನ ಟಾಕಿಯಿಂದ ಅಡಿಗಿಮನಿ ಬಚ್ಚಲಕ್ಕ ಇಳಿಯೋ ಲೈನು ಅದ, ಆಮ್ಯಾಲ ಸೋಲಾರಿನಿಂದ ಬಿಸಿನೀರಿಂದು. ನಮ್ಮ ಪ್ಲಂಬರ್ ಕಾಕಾರು ಮತ್ತ ಜಿಐನೇ ಹಾಕ್ರಿ ಅಂತಾರ, 'ನೋಡ್ರಿ ಮೂವತ್ತೈದು ವರ್ಷ ಬಂತಲ್ಲ' ಅಂತ. ಬೆಂಗಳೂರಾಗ ಇರೋ ನಮ್ಮ ಭಾವ ಸ್ಟೇನ್‌ಲೆಸ್ ಸ್ಟೀಲ್ ಬಿಟ್ಟು ಬ್ಯಾರೇದ್ದು ನೋಡಲೇ ಬ್ಯಾಡ ಅಂತಾರ. ಉನ್ಹಾಳದಾಗ ನಳ ತಡಾ ಆದ್ರ ಹಿತ್ತಲ ಬೋರ್ ನೀರನ್ನೂ ಅದೇ ಟಾಕಿಗೆ ಏರಸ್ತೇವಿ. ಅನುಭವ ಇದ್ದವರು ಹೇಳ್ರಿ.

ಗದಗ ನಳದ ಕೆಲಸ
ಅಣ್ಣಾರ, ನಾ ಗದಗ-ಬೆಟಗೇರಿ ಒಳಗ ಇಪ್ಪತ್ತೆರಡು ವರ್ಷದಿಂದ ಇದೇ ಕೆಲಸ ಮಾಡಾಕತ್ತೀನಿ. ನಿಮ್ಮ ಕಾಕಾರು ಹೇಳಿದ್ದು ಪೂರಾ ತಪ್ಪಲ್ಲ, ಆದ್ರ ಆಗಿನ ಜಿಐ ಬ್ಯಾರೆ ಈಗ ಅಂಗಡಿಯೊಳಗ ಜಿಐ ಅಂತ ಕೊಡೋದು ಎಷ್ಟೋ ಸಲ ಬ್ಯಾರೆ. ಪೈಪಿನ ಮ್ಯಾಲ ಬಣ್ಣದ ಪಟ್ಟಿ ನೋಡ್ರಿ, ಹಳದಿ ಇದ್ರ ಎ ಕ್ಲಾಸ್ ತೆಳು, ನೀಲಿ ಇದ್ರ ಬಿ ಕ್ಲಾಸ್ ಮೀಡಿಯಂ, ಕೆಂಪು ಇದ್ರ ಸಿ ಕ್ಲಾಸ್ ಹೆವಿ. ಐಎಸ್ 1239 (ಭಾರತದ ಮಾನದಂಡದ ನಂಬರ್) ಅಂತ ಅಚ್ಚು ಇರಬೇಕು. ಅರ್ಧ ಇಂಚಿನ ಪೈಪಿಗೆ ಹಳದಿ ಪಟ್ಟಿದು ದಪ್ಪ ಬರೇ 2 ಮಿಲಿಮೀಟರ್, ನೀಲಿದು 2.6, ಕೆಂಪಿಂದು 3.2. ನೀವು ಡೈ ಹಾಕಿ ಥ್ರೆಡ್ ಹೊಡದ್ರ ಆ 2 ಮಿಲಿಮೀಟರಿನಾಗ ಅರ್ಧಕ್ಕಿಂತ ಜಾಸ್ತಿ ಅಲ್ಲೇ ಕೆತ್ತಿ ಹೋಕ್ಕೈತಿ, ಉಳಿಯೋದು ಏನು? ಅದಕ್ಕ ಹಳದಿ ಪಟ್ಟಿ ನೀರಿನ ಲೈನಿಗೆ ನಾನಂತೂ ಹಾಕಂಗಿಲ್ಲ.

ಇನ್ನೊಂದು ಭಾಳ ಮುಖ್ಯ ಮಾತು. ಜಿಪಿ ಅಂತ ಒಂದು ಪೈಪ್ ಬರತೈತಿ, ಮೊದಲೇ ಸತುವು ಹಚ್ಚಿದ ತಗಡು ಸುತ್ತಿ ಬೆಸುಗಿ ಹಾಕಿ ಮಾಡಿದ್ದು. ಹೊಳಪು ಜಿಐಗಿಂತ ಛಲೋ ಇರತೈತಿ, ಮುಟ್ಟಿದ್ರ ನುಣುಪ. ಖರೇ ಜಿಐ ಅಂದ್ರ ಪೈಪ್ ಮಾಡಿದ ಮ್ಯಾಲ ಕರಗಿದ ಸತುವಿನಾಗ ಪೂರಾ ಅದ್ದಿ ತಗದಿದ್ದು, ಒಳಗೂ ಹೊರಗೂ ಹತ್ತಿರತೈತಿ, ಒಳಗ ಬೆರಳಾಡಿಸಿದ್ರ ಸ್ವಲ್ಪ ಒರಟ, ಅಲ್ಲಲ್ಲಿ ಹನಿ ಕಟ್ಟಿದಂಗ. ಜಿಪಿ ಶೆಡ್ಡಿಗೆ ಬೇಲಿಗೆ ಛಲೋ, ನೀರಿಗೆ ಅಲ್ಲ, ಅದರ ಬೆಸುಗಿ ಗೆರಿ ಮ್ಯಾಲ ಸತುವು ಸುಟ್ಟು ಹೋಗಿರತೈತಿ. ರೇಟ್ ಕಮ್ಮಿ ಅಂತ ಜಿಪಿ ತಂದು ಜಿಐ ಕೆಟ್ಟದ್ದು ಅಂತ ಬೈಯೋರು ನಮ್ಮಲ್ಲಿ ಭಾಳ ಮಂದಿ ಅದಾರ.

ವಿದ್ಯಾನಗರ ಮೆಕ್ಯಾನಿಕಲ್
ಸರ್, ಪೈಪ್ ಯಾವ್ದು ಅನ್ನೋಕಿಂತ ಮೊದಲ ನೀರು ಯಾವ್ದು ಅಂತ ಕೇಳ್ಕೋಬೇಕು. ನಿಮ್ಮ ನಳಕ್ಕ ಬರೋದು ಮಲಪ್ರಭಾ ನೀರು, ನವಿಲುತೀರ್ಥ ಡ್ಯಾಮಿಂದ ಅಮ್ಮಿನಬಾವಿಯೊಳಗ ಶುದ್ಧ ಆಗಿ ಬರೋದು, ಅದರಾಗ ಉಪ್ಪಿನ ಅಂಶ ಕಮ್ಮಿ. ಬೋರ್ ನೀರು ಹಂಗಲ್ಲ. ಸ್ಟೇನ್‌ಲೆಸ್ ಸ್ಟೀಲಿಗೆ ಕಟ್ಟಾ ವೈರಿ ಅಂದ್ರ ಕ್ಲೋರೈಡ್, ನೀರಿನಾಗ ಕರಗಿದ ಉಪ್ಪಿನ ಅಂಶ. ಅದರ ಮೈ ಮ್ಯಾಲ ಕಣ್ಣಿಗೆ ಕಾಣದ ಕ್ರೋಮಿಯಂ ಆಕ್ಸೈಡಿನ ಪದರು ಇರ್ತದ, ಗೀರಿದ್ರೂ ಗಾಳಿ ನೀರಿನ ಆಕ್ಸಿಜನ್ ತಗೊಂಡು ತಾನೇ ಮತ್ತ ಕಟ್ಕೋತದ, ಅದಕ್ಕ ಜಂಗು ಹಿಡಿಯೂದಿಲ್ಲ. ಕ್ಲೋರೈಡ್ ಜಾಸ್ತಿ ಆದಲ್ಲಿ ಆ ಪದರು ಸಣ್ಣ ಸಣ್ಣ ಚುಕ್ಕಿಯಾಗಿ ಒಡದು ಅಲ್ಲೇ ಆಳಕ್ಕ ಕೊರೀತಾ ಹೋಗ್ತದ. ಸ್ಟೇನ್‌ಲೆಸ್ಸಿನಾಗ 304, 316 ಅಂತ ಬ್ಯಾರೆ ಬ್ಯಾರೆ ಗ್ರೇಡ್ ಇರ್ತಾವ. ತಣ್ಣೀರಿನ ಲೆಕ್ಕದಾಗ 304 ಗ್ರೇಡಿಗೆ ಲೀಟರಿಗೆ 200 ಮಿಲಿಗ್ರಾಂ ಕ್ಲೋರೈಡ್ ತನಕ ಅಡ್ಡಿಯಿಲ್ಲ, 316ಕ್ಕ ಸುಮಾರು 1000 ತನಕ ಅಂತ ಸ್ಟೇನ್‌ಲೆಸ್ ಕೆಲಸದವರು ಇಟ್ಕೊಂಡಿರೋ ಅಂದಾಜು. 316ರಾಗ 2ರಿಂದ 3 ಪರ್ಸೆಂಟ್ ಮಾಲಿಬ್ಡಿನಂ ಇರ್ತದ, ತಾಕತ್ತು ಅದರದ್ದೇ. ನೀರು ಬಿಸಿ ಆದ್ರ ಈ ಅಂದಾಜೂ ಕೆಳಗಿಳೀತದ.

ಇಲ್ಲಿ ಮಂದಿ ಎಡವೋ ಜಾಗ ಒಂದದ. ಕುಡಿಯೋ ನೀರಿನ ಐಎಸ್ 10500 ಪ್ರಕಾರ ಕ್ಲೋರೈಡ್ 250ರೊಳಗ ಇರಬೇಕು, ಬ್ಯಾರೆ ನೀರಿಲ್ಲಂದ್ರ 1000 ತನಕ ನಡೀತದ. ಅಂದ್ರ ನೀವು ಕುಡಿಯಾಕ ನಡಿಯೋ ನೀರೇ 304 ಪೈಪಿಗೆ ನಡೀದೇ ಇರಬಹುದು. ಲ್ಯಾಬಿನವರು ಕುಡಿಯಾಕ ಅಡ್ಡಿಯಿಲ್ಲ ಅಂತ ಬರದುಕೊಟ್ಟ ಕಾಗದ ನೋಡಿ ಸ್ಟೀಲ್ ಹಾಕಸಬ್ಯಾಡ್ರಿ, ಆ ನಂಬರ್ ನೋಡ್ರಿ.

ಬೆಟಗೇರಿ ಅಕ್ಕ
ಮೇಲಿನ ಸರ್ ಹೇಳಿದ್ದು ನೂರಕ್ಕ ನೂರು ಖರೇ ಐತ್ರಿ, ನಾ ಅನುಭವಿಸಿದಾಕಿ. ನಮ್ಮದು ಸಣ್ಣ ಖಾನಾವಳಿ, ದಿನಾ ಭಾಂಡೆ ತೊಳಿಯಾಕ ಬಿಸಿನೀರು ಬೇಕು, ನೀರು ಬೋರಿಂದು. ಸ್ಟೀಲ್ ಅಂದ್ರ ಜೀವನಪೂರ್ತಿ ಅಂತ ಅಂಗಡಿಯವರು ಹೇಳಿದ್ರು, ಸಾಲಾ ಮಾಡಿ 304 ಲೈನ್ ಹಾಕಿಸಿದ್ವಿ. ಮೂರನೇ ವರ್ಷಕ್ಕ ಬಾಯ್ಲರ್ ಹತ್ರದ ಬೆಂಡಿನಾಗ ಹನಿ ಹನಿ ಸೋರಾಕತ್ತಿತು. ಒರಸಿ ನೋಡಿದ್ರ ಜಂಗೂ ಇಲ್ಲ ತೂತೂ ಇಲ್ಲ, ಕೂದಲೆಳಿ ಅಷ್ಟು ಸೀಳು ಅಷ್ಟೇ, ಬೆಳಕಿಗೆ ಹಿಡದು ತಿರುಗಿಸಿದ್ರ ಮಾತ್ರ ಕಾಣ್ತಿತ್ತು, ಬೇರು ಹರದಂಗ ಕವಲು ಕವಲು. ಅದನ್ನ ಬೆಸುಗಿ ಹಾಕಿಸಿದ್ರ ತಿಂಗಳಿಗೆ ಪಕ್ಕದಾಗ ಸೀಳಿತು. ಆಮ್ಯಾಲ ನೀರು ಪರೀಕ್ಷೆ ಮಾಡಿಸಿದಾಗ ಕ್ಲೋರೈಡ್ 700ರ ಮ್ಯಾಲ ಬಂತು. ತಣ್ಣೀರಿನ ಲೈನಿಗೆ ಇನ್ನೂ ಏನೂ ಆಗಿಲ್ಲ, ಬಿಸಿನೀರಿಂದು ಪೂರಾ ತಗಸಬೇಕಾತು. ಆ ರೊಕ್ಕ ನೆನಿಸಿದ್ರ ಈಗೂ ಸಂಕಟ ಆಕ್ಕೈತಿ. ಮೊದಲೇ ಒಬ್ಬರು 'ಅಕ್ಕಾ ನೀರು ಪರೀಕ್ಷೆ ಮಾಡಸ್ರಿ' ಅಂದಿದ್ರ ಸಾಕಿತ್ತು.

ವಿದ್ಯಾನಗರ ಮೆಕ್ಯಾನಿಕಲ್
ಅಕ್ಕಾರ, ನೀವು ಹೇಳಿದ ಆ ಕವಲು ಸೀಳು ಸ್ಟ್ರೆಸ್ ಕೊರೋಷನ್ ಕ್ರ್ಯಾಕಿಂಗೇ ಇರಬೇಕು. ಬೆಂಡ್ ಮಾಡಿದ ಜಾಗದಾಗ, ಬೆಸುಗಿ ಪಕ್ಕದಾಗ ಸ್ಟೀಲ್ ಒಳಗೊಳಗೇ ಎಳದು ಕುಂತಿರ್ತದ, ಅದರ ಮ್ಯಾಲ ಉಪ್ಪು ನೀರು, ಸುಮಾರು 60 ಡಿಗ್ರಿಗಿಂತ ಜಾಸ್ತಿ ಬಿಸಿ, ಈ ಮೂರೂ ಕೂಡಿದ್ರ ಹಿಂಗ ಆಗ್ತದ. ತಣ್ಣೀರಿನ ಲೈನ್ ಉಳಿದಿದ್ದು ಅದಕ್ಕೇ. ಆದ್ರ 700 ಅಂದ್ರ ಅದೂ 304ರ ಮಿತಿ ದಾಟಿದ್ದೇ, ಜಾಯಿಂಟ್ ಮ್ಯಾಲ ಒಂದು ಕಣ್ಣಿಟ್ಟಿರ್ರಿ.

ಗೋಕುಲ ರೋಡ್ ವೆಲ್ಡರ್
ನಮಸ್ಕಾರ, ಹುಬ್ಬಳ್ಳಿ ಗೋಕುಲ ರೋಡ್ ಕಡೆ ನಮ್ಮದು ಸ್ಟೀಲ್ ಫ್ಯಾಬ್ರಿಕೇಷನ್. ಸ್ಟೀಲ್ ಸ್ಟೀಲ್ ಅಂತೀರಿ, ಯಾವ ಸ್ಟೀಲು ಅಂತ ಯಾರೂ ಕೇಳ್ತಿಲ್ಲ. ರೇಲಿಂಗಿಗೆ ಅಂತ ಬರೋ ಪೈಪಿನಾಗ ಭಾಳಷ್ಟು 202. ಅದರಾಗ ನಿಕಲ್ ಕಮ್ಮಿ ಮಾಡಿ ಮ್ಯಾಂಗನೀಸ್ ಹಾಕಿರ್ತಾರ. 304ರಾಗ ಸುಮಾರು 18 ಪರ್ಸೆಂಟ್ ಕ್ರೋಮಿಯಂ, 8 ಪರ್ಸೆಂಟ್ ನಿಕಲ್ ಇರಬೇಕು, 202ರಾಗ ನಿಕಲ್ 4ರಿಂದ 6 ಅಷ್ಟೇ. ಮೆಟ್ಟಲಿನ ಕಟಗಟಿಗೆ 202 ನಡಸ್ಕೊಂಡ್ರೂ ಸೈ, ನೀರಿನ ಲೈನಿಗೆ ಬ್ಯಾಡ್ರಿ.

ಮ್ಯಾಗ್ನೆಟ್ ಹಿಡದು ಅಂಟ್ಲಿಲ್ಲ ಅಂದ್ರ 304 ಅಂತ ಮಂದಿ ತಿಳಕೊಂಡಾರ. ಅದು ತಪ್ಪು. 202ಕ್ಕೂ ಮ್ಯಾಗ್ನೆಟ್ ಅಂಟೂದಿಲ್ಲ. ಗುಜರಿಯವರ ಹತ್ರ ಒಂದು ಸಣ್ಣ ಬಾಟ್ಲಿ ಇರ್ತದ ನೋಡ್ರಿ, ಒಂದು ಹನಿ ಹಾಕಿ ಬ್ಯಾಟರಿ ತಾಗಿಸಿದ್ರ ಮ್ಯಾಂಗನೀಸ್ ಇದ್ದ ಸ್ಟೀಲ್ ಮ್ಯಾಲ ಹನಿ ಕೆಂಪಗಾಗ್ತದ. ನಾ ಮಾಲ್ ಇಳಿಸ್ಕೊಳ್ಳೋವಾಗ ಪ್ರತಿ ಬಂಡಲಿಂದು ಒಂದು ಪೈಪ್ ಹಿಂಗ ನೋಡ್ತೀನಿ. ಒಮ್ಮೆ ಒಬ್ಬ ವ್ಯಾಪಾರಿ 304 ಬಿಲ್ ಹಾಕಿ ಕಳಿಸಿದ ಮಾಲಿನಾಗ ಅರ್ಧಕ್ಕಿಂತ ಜಾಸ್ತಿ ಪೈಪ್ ಮ್ಯಾಲ ಹನಿ ಕೆಂಪಾತು, ಗಾಡಿ ತಿರುಗಿಸಿ ಕಳಿಸ್ದೆ. ಆ ಹೊತ್ತಿಗೆ ಗಿರಾಕಿ ಮನ್ಯಾಗ ಅದೇ ವ್ಯಾಪಾರಿಯ ಹಿಂದಿನ ಲಾಟ್ ಫಿಟ್ ಆಗಿ ಹೋಗಿತ್ತು, ಅದನ್ನ ನನ್ನ ಕೈಯಿಂದನೇ ಬದಲಿ ಮಾಡಿಕೊಟ್ಟೆ.

ಇನ್ನ ಮನಿ ಕೆಲಸ ನಡಿಯೋವಾಗ ಒಂದು ಎಚ್ಚರಿಕಿ. ಗೌಂಡಿಯವರು ಟೈಲ್ಸ್ ಮ್ಯಾಲಿನ ಸಿಮೆಂಟ್ ಕಲಿ ತಗಿಯಾಕ ಆಸಿಡ್ ಹೊಡೀತಾರ, ಅದು ಹೈಡ್ರೋಕ್ಲೋರಿಕ್. ಅದರ ಹೊಗಿ ತಾಗಿದ್ರೂ ಸಾಕು, ಎರಡು ದಿನಕ್ಕ ಹೊಸಾ ಸ್ಟೀಲ್ ಮ್ಯಾಲ ಕಂದು ಚುಕ್ಕಿ ಏಳ್ತಾವ. ಮತ್ತ ಕಬ್ಬಿಣ ಕೊಯ್ದ ಗ್ರೈಂಡರ್ ಚಕ್ರದಿಂದನೇ ಸ್ಟೀಲ್ ಕೊಯ್ಯಬಾರದು, ಕಬ್ಬಿಣದ ಪುಡಿ ಸ್ಟೀಲ್ ಮೈಯಾಗ ಕುಂತು ಅದೇ ಮೊದಲ ಜಂಗು ಹಿಡೀತದ, ನೋಡಿದವರು ಸ್ಟೀಲೇ ಡೂಪ್ಲಿಕೇಟ್ ಅಂತಾರ. ಬೆಸುಗಿ ಹಾಕಿದ ಜಾಗದಾಗ ನೀಲಿ ಕಂದು ಬಣ್ಣ ಬಂದಿರ್ತದಲ್ಲ, ಅದನ್ನೂ ತಿಕ್ಕಿ ತಗೀಬೇಕು, ಹಂಗೇ ಬಿಟ್ರ ಅಲ್ಲಿಂದನೇ ಸುರು ಆಗ್ತದ.

ಸಪ್ತಾಪುರ ಹಳೇಮನಿ
ಅಕ್ಕಾರ, ನಿಮ್ಮ ಅನುಭವ ಓದಿ ಭಾವಗ ಕಳಿಸ್ದೆ. ಅವರೂ ಸುಮ್ಮನಾದ್ರು. ನಾಳೆನೇ ನಳದ್ದು ಬೋರಿಂದು ಎರಡೂ ನೀರು ಲ್ಯಾಬಿಗೆ ಕೊಡ್ತೀನಿ. ವೆಲ್ಡರ್ ಅಣ್ಣಾರ, ನಮ್ಮ ಮನ್ಯಾಗ ಫರಸಿ ತಗದು ಟೈಲ್ಸ್ ಕೂಡ್ಸೋ ಕೆಲಸಾನೂ ಅದ, ಹಂಗಾರ ಆಸಿಡ್ ಕೆಲಸ ಮುಗದ ಮ್ಯಾಲನೇ ಪೈಪ್ ಹಾಕಿಸ್ತೀನಿ.

ಕೇಶ್ವಾಪುರ ಹೊಸಮನಿ
ಇಷ್ಟ್ಯಾಕ ತಲಿ ಕೆಡಿಸ್ಕೊಂತೀರಿ ಸರ್, ಈಗ ಎಲ್ಲಾರೂ ಸಿಪಿವಿಸಿ ಪ್ಲಾಸ್ಟಿಕ್ ಪೈಪ್ ಹಾಕ್ತಾರ, ಜಂಗಿಲ್ಲ, ರೊಕ್ಕಾನೂ ಕಮ್ಮಿ. ನಮ್ಮ ಮನಿ ಪೂರಾ ಅದೇ.

ವಿದ್ಯಾನಗರ ಮೆಕ್ಯಾನಿಕಲ್
ತಣ್ಣೀರಿಗೆ, ಗೀಸರಿನ ನೀರಿಗೆ ಸಿಪಿವಿಸಿ ಛಲೋನೇ ಅದ, ನಾ ಬ್ಯಾಡ ಅನ್ನೂದಿಲ್ಲ. ಸೋಲಾರ್ ಲೈನಿಗೆ ಮಾತ್ರ ವಿಚಾರ ಮಾಡ್ರಿ. ಟ್ಯೂಬ್ ಸೋಲಾರಿನಾಗ ಮನಿಯವರು ಊರಿಗೆ ಹೋಗಿ ನಾಕು ದಿನ ನೀರು ಬಳಸದಿದ್ರ ಕುದಿಯೋ ಹತ್ರ ಬಂದು ನಿಂತಿರ್ತದ, ಸಿಪಿವಿಸಿಯ ಮಿತಿ ಒತ್ತಡದಾಗ 82ರಿಂದ 93 ಡಿಗ್ರಿ ಅಂತ ಬರದಿರ್ತಾರ. ಬಿಸಿಗೆ ಹಿಗ್ಗೋದೂ ಜಾಸ್ತಿ. 10 ಮೀಟರ್ ಲೈನು 40 ಡಿಗ್ರಿ ಬಿಸಿ ಏರಿದ್ರ ಜಿಐ ಸುಮಾರು 5 ಮಿಲಿಮೀಟರ್ ಉದ್ದ ಆಗ್ತದ, ಸ್ಟೇನ್‌ಲೆಸ್ 7, ಸಿಪಿವಿಸಿ 25ರ ಮ್ಯಾಲ. ತಾರಸಿ ಮ್ಯಾಲ ಬಿಲ್ಲಿನಂಗ ಬಾಗಿ ಕುಂತ ಪೈಪು ಎಲ್ಲಾರೂ ನೋಡೇವಿ.

ಮತ್ತ ಮೂಲ ಪ್ರಶ್ನೆಗೆ. ಸೋಲಾರಿಗೆ ಜಿಐ ಹಾಕಬ್ಯಾಡ್ರಿ ಅನ್ನಾಕ ಒಂದು ಗಟ್ಟಿ ಕಾರಣ ಅದ. ತಣ್ಣೀರಿನಾಗ ಸತುವು ಕಬ್ಬಿಣದ ಸಲುವಾಗಿ ತಾನು ಸವೀತದ, ಗೀರು ಬಿದ್ದಲ್ಲಿ ಕೂಡ ಕಬ್ಬಿಣ ಕಾಯ್ತದ, ಜಿಐನ ಗುಟ್ಟೇ ಅದು. ನೀರು ಸುಮಾರು 60 ಡಿಗ್ರಿ ದಾಟಿದ್ರ ಎಷ್ಟೋ ನೀರಿನಾಗ ಈ ಆಟ ಉಲ್ಟಾ ಆಗ್ತದ, ಸತುವು ಹಂಗೇ ಕುಂತು ಕಬ್ಬಿಣ ಸವದು ತೂತು ಬೀಳ್ತದ. ಕಾಯಬೇಕಾದವನೇ ತಿನ್ನಾಕ ನಿಂತಂಗ. ಸೋಲಾರಿನಾಗ 60 ಅನ್ನೋದು ದಿನಾ ದಾಟೋ ಮಾತು.

ಗದಗ ನಳದ ಕೆಲಸ
ಇದು ನನಗ ಕೈಯಿಂದ ಗೊತ್ತಿತ್ತು, ಕಾರಣ ಈಗ ಗೊತ್ತಾತು ಸರ್. ಒಂದೇ ಮನ್ಯಾಗ ಒಂದೇ ದಿನ ಹಾಕಿದ ಜಿಐ, ತಣ್ಣೀರಿಂದು ಹಂಗೇ ಐತಿ, ಸೋಲಾರಿಂದು ಆರೇಳು ವರ್ಷಕ್ಕ ತೂತು. ಎಷ್ಟೋ ಕಡೆ ನೋಡೀನಿ. ಪೈಪ್ ಕಂಪನಿ ಮ್ಯಾಲ ಬೈತಿದ್ವಿ.

ನಾ ಇನ್ನೊಂದು ಹೇಳಬೇಕು, ಹಳೇ ಮನಿ ಅಂದ್ರಲ್ಲ ಅದಕ್ಕ. ಹಳೇ ಮನ್ಯಾಗ ನಳದ ಜಿಐ ಪೈಪಿಗೇ ಅರ್ತಿಂಗ್ ವೈರ್ ಸುತ್ತಿರ್ತಾರ. ಒಮ್ಮೆ ಒಂದು ಮನ್ಯಾಗ ಅಂಗಳದ ಲೈನ್ ಕಟ್ ಮಾಡಾಕ ಕುಂತೆ, ಪೈಪ್ ಎರಡು ತುಂಡಾಗಿ ಬಿಟ್ಟುಕೊಂಡಿದ್ದೇ ತಡಾ ನನಗ ಎರಡೂ ಕೈಗೆ ಜಗ್ಗಿ ಹೊಡೀತು, ಮನಿ ಒಳಗ ಯಾವ್ದೋ ಗೀಸರಿನ ಲೀಕೇಜ್ ಕರೆಂಟು ಆ ಪೈಪಿನಿಂದನೇ ಮಣ್ಣಿಗೆ ಇಳೀತಿತ್ತು, ನಾ ನಡುವ ಕುಂತೆ. ದೇವರು ದೊಡ್ಡಾಂವ, ಪಾನಾ ಕೈಯಿಂದ ಹಾರಿ ಬಿತ್ತು, ನಾ ಬಿಡಿಸ್ಕೊಂಡೆ. ಅದಕ್ಕ ಪೈಪ್ ಬಿಚ್ಚೋ ಮೊದಲ ಮೇನ್ ಬಂದ್ ಮಾಡ್ರಿ, ಎಲೆಕ್ಟ್ರಿಷಿಯನ್ ಕರಸಿ ಬ್ಯಾರೆ ಅರ್ತಿಂಗ್ ಕುಣಿ ತೋಡಸ್ರಿ, ಆಮ್ಯಾಲನೇ ನಿಮ್ಮ ಪ್ಲಂಬರ್ ಕಾಕಾರು ಕೈ ಹಚ್ಚಲಿ. ಪ್ಲಾಸ್ಟಿಕ್ ಹಾಕಿದ್ರಂತೂ ಹಳೇ ಅರ್ತಿಂಗ್ ಪೂರಾ ಹೋದಂಗ, ಯಾರಿಗೂ ಗೊತ್ತಾಗಂಗಿಲ್ಲ.

ಸಪ್ತಾಪುರ ಹಳೇಮನಿ
ಈಗಷ್ಟೇ ಹಿತ್ತಲಕ್ಕ ಹೋಗಿ ನೋಡಿ ಬಂದೆ. ಮೀಟರ್ ಹತ್ರ ಪೈಪಿಗೆ ದಪ್ಪ ಜಿಐ ತಂತಿ ಸುತ್ತಿ ಒಳಗ ಒಯ್ದಾರ. ಇಷ್ಟು ದಿನ ಅದು ಬಟ್ಟಿ ಒಣ ಹಾಕೋ ತಂತಿಯ ತುಂಡು ಅಂತ ತಿಳದಿದ್ದೆ. ನಿಮಗ ಎಷ್ಟು ಧನ್ಯವಾದ ಹೇಳಿದ್ರೂ ಕಮ್ಮಿ ಅಣ್ಣಾರ.

ನವಲಗುಂದ ಮಾಸ್ತರ
ಅಂಗಳದ 40 ಫೂಟಿನ ಬಗ್ಗೆ ಯಾರೂ ಬರದಿಲ್ಲ. ನಮ್ಮ ಕಡೆ ಪೂರಾ ಎರಿ ಭೂಮಿ. ಎರಿ ಮಣ್ಣು ಮಳಿಗಾಲದಾಗ ಉಬ್ಬತದ, ಬ್ಯಾಸಿಗಿಯೊಳಗ ಕೈ ಹೋಗುವಷ್ಟು ಬಿರಿತದ, ಪೈಪನ್ನ ವರ್ಷಾ ಎಳದಾಡ್ತದ. ನೀರು ಹಿಡದು ಕುಂಡ್ರೋ ಮಣ್ಣು, ಅದರಾಗ ಉಪ್ಪೂ ಇರ್ತದ. ನಮ್ಮ ಸಾಲಿ ಆವರಣದಾಗ ಹುಗದ ಜಿಐ ಹೊರಗಿನಿಂದ ತಿಂದು ಹೋಗಿತ್ತು, ಒಳಗ ಇನ್ನೂ ಅಷ್ಟು ಕೆಟ್ಟಿರಲಿಲ್ಲ. ಅಗದು ತಗದಾಗ ಮಣ್ಣು ಹತ್ತಿದ ಕಡೆ ಕೈಯಿಂದ ಒತ್ತಿದ್ರ ಬಿಸ್ಕೀಟಿನಂಗ ಮುರೀತು. ಧಾರವಾಡದಾಗ ನಿಮ್ಮ ಕಡೆ ಕೆಂಪು ಮಣ್ಣಿದ್ರ ಇಷ್ಟು ತ್ರಾಸಿರಲಿಕ್ಕಿಲ್ಲ. ಆದ್ರೂ ಹುಗಿಯೋ ಲೈನಿಗೆ ಜಿಐನೂ ಬ್ಯಾಡ ಸ್ಟೀಲೂ ಬ್ಯಾಡ ಅಂತ ನನ್ನ ಅಭಿಪ್ರಾಯ. ಕಪ್ಪು ಎಚ್‌ಡಿಪಿಇ ಪೈಪ್ (ಬಾಗೋ ಪ್ಲಾಸ್ಟಿಕ್ಕಿಂದು) ನಡುವ ಜಾಯಿಂಟಿಲ್ಲದ ಒಂದೇ ತುಂಡು ಎಳದು, ಸುತ್ತ ಉಸುಕು ಹಾಕಿ ಮುಚ್ಚಸ್ರಿ. ಮಣ್ಣು ಎಳದ್ರ ಅದು ಬಾಗ್ತದ, ಮುರಿಯೂದಿಲ್ಲ.

ಗೋಕುಲ ರೋಡ್ ವೆಲ್ಡರ್
ಮಾಸ್ತರ ಮಾತಿಗೆ ನನ್ನ ಒಪ್ಪಿಗಿ ಅದ. ಸ್ಟೀಲ್ ಮಾರೋನಾಗಿ ಹೇಳ್ತೀನಿ, ಹುಗಿಯೋ ಜಾಗದಾಗ 304 ಬ್ಯಾಡ.

ಬ್ಯಾಡಗಿ ರೈತ
ನಾವು ಮೆಣಸಿನಕಾಯಿ ಬೆಳಿಯೋರು, ಮನಿ ಪ್ಲಂಬಿಂಗ್ ಅಷ್ಟು ಗೊತ್ತಿಲ್ಲ. ಆದ್ರ ಜಿಐ ಅಂದ್ರ ಬೋರಿಗೆ ಇಳಿಸಿದವರಿಗೆ ಗೊತ್ತು. ನಮ್ಮ ಹೊಲದ ಬೋರಿನಾಗ 400 ಫೂಟಿಗೆ ಮೋಟರ್ ಐತಿ, ಒಂದೂವರಿ ಇಂಚಿನ ಬಿ ಕ್ಲಾಸ್ 20 ಪೈಪ್. ಬರೇ ಪೈಪಿನ ತೂಕ ನಾಕು ಕ್ವಿಂಟಲ್ ದಾಟತೈತಿ, ಒಳಗಿನ ನೀರು ಒಂದೂವರಿ ಕ್ವಿಂಟಲ್, ಮ್ಯಾಲ ಮೋಟರ್. ಅಷ್ಟೂ ತೂಕ ಎಲ್ಲಾಕ್ಕಿಂತ ಮ್ಯಾಲಿನ ಪೈಪಿನ ಥ್ರೆಡ್ ಮ್ಯಾಲ ಜೋತು ಬಿದ್ದಿರತೈತಿ, ಮೋಟರ್ ಸುರು ಆದಾಗೊಮ್ಮೆ ಜಾಡಿಸಿ ತಿರುವತೈತಿ. ನಮ್ಮ ಬಾಜೂ ಹೊಲದವರು ಅಗ್ಗ ಅಂತ ಹಳದಿ ಪಟ್ಟಿ ಇಳಿಸಿದ್ರು, ಆರನೇ ವರ್ಷಕ್ಕ ಸಾಕೆಟ್ ಬುಡದಾಗ ಥ್ರೆಡ್ ಜಂಗು ತಿಂದು ಮುರದು ಮೋಟರ್ ಪೈಪ್ ಎಲ್ಲಾ ತಳಕ್ಕ ಹೋತು. ಮೂರು ದಿನ ಗಾಳ ಹಾಕಿದ್ರೂ ಬರಲಿಲ್ಲ, ಬೋರೇ ಹೋತು, ಆ ವರ್ಷದ ಬೆಳಿನೂ ಹೋತು. ಅವರ ಮಾರಿ ನೋಡಾಕ ಆಗಲಿಲ್ರಿ. ಅದಕ್ಕ ಗದಗದ ಅಣ್ಣಾರು ಪಟ್ಟಿ ಬಣ್ಣ ನೋಡ್ರಿ ಅಂದಿದ್ದು ಸಣ್ಣ ಮಾತಲ್ಲ. ಮೋಟರ್ ಎತ್ತಿದಾಗೊಮ್ಮೆ ಪ್ರತಿ ಥ್ರೆಡ್ ತಂತಿ ಬ್ರಷ್ಷಿನಿಂದ ತಿಕ್ಕಿ ನೋಡ್ತೀವಿ ನಾವು, ತಳದ ನಾಕು ಪೈಪ್ ಮ್ಯಾಲ, ಮ್ಯಾಲಿನವು ತಳಕ್ಕ ಅದಲಿಬದಲಿ ಮಾಡಿ ಇಳಿಸ್ತೀವಿ.

ಸಪ್ತಾಪುರ ಹಳೇಮನಿ
ಲ್ಯಾಬ್ ರಿಪೋರ್ಟ್ ಬಂತು. ನಳದ ನೀರಿನಾಗ ಕ್ಲೋರೈಡ್ 28, ಬೋರ್ ನೀರಿನಾಗ 410. ಬೋರ್ ನೀರಿನ ಗಡಸುತನ 520. ಅಂದ್ರ ನಾ ಉನ್ಹಾಳದಾಗ ಬೋರ್ ನೀರು ಟಾಕಿಗೆ ಏರಿಸಿದ್ರ ಅದೇ ನೀರು ಸೋಲಾರಿಗೂ ಹೋಗ್ತದ, ಅಕ್ಕಾರ ಮನಿ ಕಥಿ ನಮ್ಮ ಮನ್ಯಾಗ ಆಗ್ತದ. ಈಗೇನು ಮಾಡಬೇಕು? 316 ತಗೋಬೇಕೇನು? ಇನ್ನೊಂದು, ಅಂಗಡಿಯೊಳಗ ಕೇಳಿದಾಗ ಸ್ಟೀಲ್ ಕೆಜಿ ರೇಟ್ ಜಿಐಗಿಂತ ಭಾಳ ಜಾಸ್ತಿ, ಕೇಳಿ ಎದಿ ಧಸಕ್ ಅಂತು.

ವಿದ್ಯಾನಗರ ಮೆಕ್ಯಾನಿಕಲ್
ಕೆಜಿ ರೇಟ್ ನೋಡಬ್ಯಾಡ್ರಿ ಸರ್, ಮೀಟರ್ ರೇಟ್ ನೋಡ್ರಿ. ಒಂದಿಂಚಿನ ಬಿ ಕ್ಲಾಸ್ ಜಿಐ ಒಂದು ಮೀಟರಿಗೆ ಸುಮಾರು 2.4 ಕೆಜಿ ತೂಗ್ತದ. ಸ್ಟೇನ್‌ಲೆಸ್ಸಿನಾಗ ಥ್ರೆಡ್ ಹೊಡಿಯೋದಿಲ್ಲ, ಮಶಿನಿನಿಂದ ಒತ್ತಿ ಕೂಡಿಸೋ ಪ್ರೆಸ್ ಫಿಟಿಂಗ್ ಹಾಕೋದು, ಅದಕ್ಕ ಗ್ವಾಡಿ ದಪ್ಪ ಬೇಕಾಗೂದಿಲ್ಲ. ಅದೇ ಅಳತಿಯ 28 ಮಿಲಿಮೀಟರಿನ ಪೈಪ್ 1.2 ಮಿಲಿಮೀಟರ್ ದಪ್ಪ, ಮೀಟರಿಗೆ 0.8 ಕೆಜಿ. ಮೂರರಾಗ ಒಂದು ಪಾಲು ತೂಕ. ಪೈಪಿನ ರೊಕ್ಕದಾಗ ನೀವು ಅಂಜಿದಷ್ಟು ಫರಕ ಬರೂದಿಲ್ಲ. ಫಿಟಿಂಗ್ ಮಾತ್ರ ತುಟ್ಟಿ, ಒಂದೊಂದು ಎಲ್ಬೋನೂ ಎಣಿಸಿ ಹಾಕ್ರಿ, ಲೈನ್ ನೆಟ್ಟಗ ಒಯ್ದಷ್ಟು ಉಳಿತಾಯ.

316ರ ಬಗ್ಗೆ ಹೇಳೋದಾದ್ರ, 410 ಕ್ಲೋರೈಡ್ ತಣ್ಣೀರಿಗೆ 316 ಸಾಕು, ಆದ್ರ 70-80 ಡಿಗ್ರಿ ಸೋಲಾರ್ ನೀರಿಗೆ ನಾ ಧೈರ್ಯ ಕೊಡೂದಿಲ್ಲ. ಪೈಪ್ ಬದಲಿ ಮಾಡೋಕಿಂತ ನೀರು ಬ್ಯಾರೆ ಮಾಡ್ರಿ. ಬೋರ್ ನೀರಿಗೆ ಸಣ್ಣದೊಂದು ಬ್ಯಾರೆ ಟಾಕಿ, ಅಲ್ಲಿಂದ ಪಾಯಖಾನಿ, ಅಂಗಳ, ಗಿಡಕ್ಕ ಯುಪಿವಿಸಿ (ತಣ್ಣೀರಿನ ಪ್ಲಾಸ್ಟಿಕ್ ಪೈಪ್) ಲೈನ್. ನಳದ ನೀರು ಮಾತ್ರ ಅಡಿಗಿಮನಿ, ಜಳಕ, ಸೋಲಾರಿಗೆ. 520 ಗಡಸುತನದ ನೀರು ಸೋಲಾರ್ ಟ್ಯೂಬಿನಾಗ ಸುಣ್ಣದ ಕಲಿ ಕಟ್ಟಿ ಹಾಳು ಮಾಡೋದೂ ತಪ್ಪತದ.

ಗದಗ ನಳದ ಕೆಲಸ
ನೀರು ಬ್ಯಾರೆ ಮಾಡೋ ಮಾತು ಭಾಳ ಛಲೋ ಆತು. ಆದ್ರ ಸರ್, ಪ್ರೆಸ್ ಫಿಟಿಂಗ್ ಬಗ್ಗೆ ನನಗ ಒಂದು ತಕರಾರು ಐತಿ. ಆ ಒತ್ತೋ ಮಶಿನ್ ನಮ್ಮಂಥ ಸಣ್ಣ ಕೆಲಸದವರ ಹತ್ರ ಎಲ್ಲಿ ಐತಿ? ನಾಳೆ ರಾತ್ರಿ ಹತ್ತಕ್ಕ ಒಂದು ಜಾಯಿಂಟ್ ಸೋರಿತು ಅಂದ್ರ ಮನಿಯವರು ಯಾರನ್ನ ಕರೀಬೇಕು? ಜಿಐ ಆದ್ರ ಒಂದು ಡೈ ಸೆಟ್, ಪಾನಾ, ಸ್ವಲ್ಪ ನೂಲು ಸಫೇದಾ ಇದ್ರ ಯಾವ ಹಳ್ಳಿಯೊಳಗ ಬೇಕಾದ್ರೂ ರಿಪೇರಿ ಆಕ್ಕೈತಿ. ಅದನ್ನೂ ಲೆಕ್ಕಕ್ಕ ಹಿಡೀಬೇಕು.

ವಿದ್ಯಾನಗರ ಮೆಕ್ಯಾನಿಕಲ್
ಒಪ್ಪಿದೆ ಅಣ್ಣಾರ, ನಾ ಅದನ್ನ ವಿಚಾರ ಮಾಡಿದ್ದಿಲ್ಲ. ಹಂಗಾರ ಪ್ರೆಸ್ ಜಾಯಿಂಟ್ ಒಂದೂ ಗ್ವಾಡಿಯೊಳಗ ಮುಚ್ಚಬಾರದು, ಸೋಲಾರ್ ಲೈನ್ ಪೂರಾ ಹೊರಗಿನ ಗ್ವಾಡಿ ಮ್ಯಾಲ ಕಾಣೋ ಹಂಗ ಇಳಿಸಬೇಕು. ಎರಡೂ ತುದಿಗೆ ಯೂನಿಯನ್ (ಬಿಚ್ಚಿ ಕೂಡಿಸೋ ಜಾಯಿಂಟ್) ಹಾಕಿದ್ರ ಏನರ ಆದಾಗ ಆ ಭಾಗ ಬಿಚ್ಚಿ ತಾತ್ಪೂರ್ತಿಕ ಬಳ್ಳಿ ಪೈಪ್ ಹಚ್ಚಬಹುದು. ಜಾಯಿಂಟಿನ ರಬ್ಬರ್ ರಿಂಗ್ ಬಿಸಿನೀರಿಗೆ ನಡಿಯೋ ಇಪಿಡಿಎಂ ಹೌದೋ ಅಲ್ಲೋ ಅಂತ ಡಬ್ಬಿ ಮ್ಯಾಲ ನೋಡಿ ತಗೋರಿ.

ಗೋಕುಲ ರೋಡ್ ವೆಲ್ಡರ್
ಮತ್ತ ಎಲ್ಲಿ ಜಿಐ ಎಲ್ಲಿ ಸ್ಟೀಲ್ ಸೇರ್ತದೋ ಅಲ್ಲಿ ನೇರ ಜೋಡಿಸಬ್ಯಾಡ್ರಿ. ಎರಡು ಬ್ಯಾರೆ ಲೋಹ ನೀರಿನಾಗ ಮುಟ್ಟಿಕೊಂಡ್ರ ಸಣ್ಣ ಬ್ಯಾಟರಿ ಆದಂಗ, ಜಿಐದು ತುದಿ ಲಗೂನ ತಿಂದು ಹೋಗ್ತದ. ಸ್ಟೀಲ್ ದೊಡ್ಡದು ಜಿಐ ತುಂಡು ಸಣ್ಣದು ಇದ್ರಂತೂ ಇನ್ನೂ ಜಲ್ದಿ. ನಡುವ ಪ್ಲಾಸ್ಟಿಕ್ ತುಂಡು ಅಥವಾ ಇನ್ಸುಲೇಟಿಂಗ್ ಯೂನಿಯನ್ ಹಾಕ್ರಿ. ತಾಮ್ರದ ಗೀಸರಿನಿಂದ ಹೊರಟ ನೀರು ಜಿಐ ಒಳಗ ಹರಿಯೋ ಹಂಗಂತೂ ಮಾಡಲೇಬಾರದು, ತಾಮ್ರದ ಅಂಶ ಸತುವಿನ ಮ್ಯಾಲ ಕುಂತು ಅಲ್ಲಲ್ಲಿ ತೂತು ಹೊಡೀತದ.

ಬೆಟಗೇರಿ ಅಕ್ಕ
ಮನ್ಯಾಗ ಕುಡಿಯೋ ನೀರಿಗೆ ಜಿಐ ಬಿಟ್ಟು ಬ್ಯಾರೆ ಹಾಕ್ತೀರೋ ಇಲ್ಲೋ? ಅವ್ವಾರ ಚಹಾ ಬಣ್ಣದ ಬಕೆಟ್ಟಿನ ಮಾತು ಓದಿ ನನಗ ನಮ್ಮ ಅತ್ತಿ ಮನಿ ನೆನಪಾತು.

ನವಲಗುಂದ ಮಾಸ್ತರ
ಅಕ್ಕಾರ, ಆ ಬಣ್ಣಕ್ಕ ನಮ್ಮ ಊರಿನ ನೀರು ಬಿಡೋ ರೀತಿನೂ ಕಾರಣ. ಹುಬ್ಬಳ್ಳಿ-ಧಾರವಾಡದಾಗ 2008ರ ಹೊತ್ತಿಗೆ ಕೆಲವು ವಾರ್ಡಿಗೆ 24 ತಾಸು ನೀರು ಸುರು ಆತು, ಉಳಿದ ಕಡೆ ಎಷ್ಟೋ ವರ್ಷ ದಿನ ಬಿಟ್ಟು ದಿನ, ಇಲ್ಲಾ ವಾರಕ್ಕೊಮ್ಮೆ. ನೀರು ಬಂದು ಹೋದ ಮ್ಯಾಲ ಪೈಪು ಒದ್ದಿ ಮೈ ಇಟ್ಕೊಂಡು ಗಾಳಿ ಕುಡೀತಾ ಖಾಲಿ ನಿಂತಿರ್ತದ. ಪೂರಾ ತುಂಬಿದ ಪೈಪಿಗಿಂತ ಹಿಂಗ ಅರ್ಧ ತುಂಬಿ ಅರ್ಧ ಒಣಗೋ ಪೈಪಿಗೆ ಜಂಗು ಜಲ್ದಿ ಹತ್ತತದ.

ಸಪ್ತಾಪುರ ಹಳೇಮನಿ
ತಡಾ ಆತು, ಕ್ಷಮಸ್ರಿ, ಮನ್ಯಾಗ ಕೆಲಸ ನಡದಿತ್ತು. ಏನು ಮಾಡಿದ್ವಿ ಅಂತ ಪೂರಾ ಬರೀತೀನಿ, ಮುಂದ ಯಾರಿಗರ ಬೇಕಾಗಬಹುದು.

ಮೊದಲ ಅರ್ತಿಂಗ್. ಹೊಸಾ ಕುಣಿ ತೋಡಿಸಿ ಎಲೆಕ್ಟ್ರಿಷಿಯನ್ ಅಳದು ಸರಿ ಅದ ಅಂದ ಮ್ಯಾಲನೇ ಹಳೇ ಪೈಪ್ ಕೊಯ್ದ್ವಿ. ಕೊಯ್ಯೋವಾಗ ಮೇನ್ ಬಂದ್ ಮಾಡಿ ನಾನೇ ಮೀಟರ್ ಬೋರ್ಡ್ ಮುಂದ ನಿಂತಿದ್ದೆ, ಮನ್ಯಾಗ ಯಾರೂ ಮರತು ಚಾಲೂ ಮಾಡಬಾರದು ಅಂತ. ಅಂಗಳದಾಗ ಎಚ್‌ಡಿಪಿಇ ಒಂದೇ ತುಂಡು, ಮಾಸ್ತರ ಹೇಳಿದಂಗ ಉಸುಕು ಹಾಕಿ ಮುಚ್ಚಿಸಿದ್ವಿ. ಸಂಪಿನಿಂದ ಮ್ಯಾಲ ಏರೋ ಮೋಟರ್ ಲೈನ್ ಹೊರಗ ಬಿಸಲಾಗ ಇರ್ತದ, ಯಾರರ ಕೈ ಕಾಲು ತಾಗಸ್ತಾರ, ಅದಕ್ಕ ಬಿ ಕ್ಲಾಸ್ ಜಿಐ ಒಂದಿಂಚು ಹಾಕಿಸ್ದೆ, ಪ್ಲಂಬರ್ ಕಾಕಾರಿಗೂ ಸಮಾಧಾನ ಆತು. ಅಂಗಡಿಯೊಳಗ ಮೊದಲ ತೋರಿಸಿದ್ದು ನುಣುಪಾದ ಪೈಪ್, ಪಟ್ಟಿನೂ ಇಲ್ಲ ಅಚ್ಚೂ ಇಲ್ಲ. ಒಳಗ ಬೆರಳು ಹಾಕಿ ನೋಡ್ದೆ, ಜಿಪಿನೇ. ಬ್ಯಾಡ ಅಂತ ಬ್ಯಾರೆ ಅಂಗಡಿಗೆ ಹೋಗಿ ನೀಲಿ ಪಟ್ಟಿದು ತಂದೆ. ಥ್ರೆಡ್ ಹೊಡದ ಜಾಗಕ್ಕ ಕಾಕಾರು ಝಿಂಕ್ ಪೇಂಟ್ ಹಚ್ಚಿದ್ರು, ನಾ ಹೇಳಿದ್ದಿಲ್ಲ, ಅವರೇ ಹಚ್ಚಿದ್ರು.

ಟಾಕಿಯಿಂದ ಒಳಗಿನ ತಣ್ಣೀರಿಗೆ ಸಿಪಿವಿಸಿ, ಕೇಶ್ವಾಪುರದವರ ಮಾತು ಅಲ್ಲಿಗೆ ಸರಿ ಅನಿಸ್ತು. ಸೋಲಾರಿನಿಂದ ಎರಡೂ ಬಚ್ಚಲದ ತನಕ 304 ಪ್ರೆಸ್ ಪೈಪ್, ಗ್ವಾಡಿ ಹೊರಗಿನಿಂದ, ಮ್ಯಾಲ ಫೋಮ್ ಸುತ್ತಿ. ವೆಲ್ಡರ್ ಅಣ್ಣಾರ ಮಾತಿನಂತೆ ಟೈಲ್ಸ್ ಆಸಿಡ್ ಕೆಲಸ ಪೂರಾ ಮುಗದು ನೀರಿನಿಂದ ತೊಳದು ನಾಕು ದಿನ ಬಿಟ್ಟು ಸುರು ಮಾಡಿಸಿದ್ವಿ. ಪೈಪ್ ಮ್ಯಾಲ ಆ ಬಾಟ್ಲಿ ಹನಿ ಹಾಕಿ ಬ್ಯಾಟರಿ ಹಿಡದು ನೋಡಿದ್ವಿ, ಹನಿ ಕೆಂಪಾಗ್ಲಿಲ್ಲ. ಬೋರಿಗೆ ಬ್ಯಾರೆ 500 ಲೀಟರ್ ಟಾಕಿ, ಯುಪಿವಿಸಿ. ಎರಡೂ ಟಾಕಿ ನಡುವ ಒಂದು ವಾಲ್ವ್ ಕೊಡ್ತೀನಿ, ಅಡಚಣಿಗೆ ಇರಲಿ ಅಂತ ಕಾಕಾರು ಭಾಳ ಹೇಳಿದ್ರು, ನಾ ಬ್ಯಾಡ ಅಂದೆ. ವಾಲ್ವ್ ಇದ್ರ ಒಂದಿಲ್ಲೊಂದು ಉನ್ಹಾಳದಾಗ ಯಾರರ ಅದನ್ನ ತಿರುವೇ ತಿರುವ್ತಾರ.

ನಿನ್ನೆ ಮುಂಜಾನೆ ಅವ್ವ ರೂಢಿಯಂಗ ಮೊದಲ ಬಕೆಟ್ ಹಿಡದು ಗಿಡಕ್ಕ ಒಯ್ದಳು, ಬಾಗಲ ತನಕ ಹೋಗಿ ನಿಂತು ಬಕೆಟ್ಟಿನೊಳಗ ನೋಡಿದ್ಲು, ತಳ ಕಾಣ್ತಿತ್ತು. ತಿರುಗಿ ಬಂದು ಹಂಡೆಕ್ಕ ಸುರುವಿದ್ಲು.

ಗದಗ ನಳದ ಕೆಲಸ
ಛಲೋ ಆತು ಅಣ್ಣಾರ. ವಾಲ್ವ್ ಬ್ಯಾಡ ಅಂದಿದ್ದು ಭಾಳ ಶಾಣ್ಯಾತನ ಮಾಡೀರಿ. ಸಿಪಿವಿಸಿ ಬಂದು ನಳಕ್ಕ ಸೇರೋ ಜಾಗದಾಗ ಹಿತ್ತಾಳಿ ಥ್ರೆಡ್ ಇದ್ದ ಫಿಟಿಂಗ್ ಹಾಕ್ಯಾರೋ ಬರೇ ಪ್ಲಾಸ್ಟಿಕ್ ಥ್ರೆಡ್ ಹಾಕ್ಯಾರೋ ಅಂತ ಗ್ವಾಡಿ ಗಿಲಾವ್ ಮಾಡೋ ಮೊದಲ ಒಮ್ಮೆ ನೋಡ್ಕೋರಿ, ಪ್ಲಾಸ್ಟಿಕ್ ಇದ್ರ ಈಗಲೇ ಬದಲಿ ಮಾಡಸ್ರಿ.

ಸಪ್ತಾಪುರ ಹಳೇಮನಿ
ಈಗ ನೋಡಿ ಬಂದೆ, ಅಡಿಗಿಮನಿಯೊಳಗಿನವು ಎರಡೂ ಹಿತ್ತಾಳಿ ಅವ, ಹಿತ್ತಲ ಬಚ್ಚಲದ್ದು ಒಂದು ಪ್ಲಾಸ್ಟಿಕ್. ಗಿಲಾವ್ ನಾಳೆ ಇತ್ತು, ನಿಲ್ಲಿಸೀನಿ. ಕಾಕಾರಿಗೆ ಫೋನ್ ಹಚ್ಚಿದ್ದೆ, ಮುಂಜಾನೆ ಎಂಟಕ್ಕ ಬರ್ತಾರ.